ಸೂಪರ್‌ಹೀರೋ ತಾಳಮದ್ದಳೆ

ಮೊನ್ನೆ ಮುಲುಂಡಿನ ರದ್ದಿ ಅಂಗಡಿಯ ಮುಂದೆ ಒಂದು ಹಳೆಯ ಕಾಮಿಕ್ಸ್ ಕಂಡು ನಿಂತುಬಿಟ್ಟೆ. ಮುಖಪುಟದಲ್ಲಿ ಮುದಿ ಸೂಪರ್‌ಹೀರೋ ಒಬ್ಬ ಹರೆಯದವನ ಕೊರಳಪಟ್ಟಿ ಹಿಡಿದಿದ್ದ. ಹೋಟೆಲ್ ಮಾಮ ನೆನಪಾದರು...

ಸಾಂತಾಕ್ರೂಜ್‌ನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಅವರ ಹೋಟೆಲು. ಉಡುಪಿ ಕಡೆಯವರು. ಗಲ್ಲಾ ಬಿಟ್ಟು ಎದ್ದವರಲ್ಲ. ಎದ್ದರೆ ಅದು ನಮ್ಮ ಕನ್ನಡ ಸಂಘದ ತಾಳಮದ್ದಳೆಗೆ ಮಾತ್ರ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಎದುರುಬದುರು ಕೂತವರು ತಾವೇ ಪಾತ್ರವಾಗಿ ವಾದಕ್ಕಿಳಿಯಬೇಕು, ಅಷ್ಟೆ.

"ಹುಡುಗರು ಒಬ್ಬರೂ ಬರುದಿಲ್ಲ ಮಾರಾಯ್ತಿ" ಎಂದು ನನ್ನ ಹತ್ತಿರ ಕೊರಗುತ್ತಿದ್ದ ಮಾಮ ಒಮ್ಮೆ ಮಗನ ಕಾಮಿಕ್ಸ್‌ನ ಕತೆಯನ್ನೇ ಪ್ರಸಂಗ ಮಾಡಿಬಿಟ್ಟರು. ಮಿತಿಮೀರಿದ ಹೊಸ ಹೀರೋಗಳನ್ನು ತಿದ್ದಲು ಹಳಬರು ವಾಪಸು ಬರುವ ಕತೆ. ಹಳೆಯ ಹೀರೋ ತಾವು, ಹೊಸಬ ಮಗ. ಇದೆಂಥ ಅವತಾರ ಎಂದು ಮೂಗು ಮುರಿದಿದ್ದ ಹಿರಿಯರೇ ಆ ಭಾನುವಾರ ಮಧ್ಯಾಹ್ನ ಮುಂದಿನ ಸಾಲು ಹಿಡಿದಿದ್ದರು. ಹಿಂದೆ ಹುಡುಗರ ದಂಡು. ಮಾಮಿ ತೀರಿಹೋದಂದಿನಿಂದ ತಂದೆ ಮಗ ಮುಖ ಕೊಟ್ಟು ಮಾತಾಡದ್ದು ನನಗೆ ಗೊತ್ತಿತ್ತು.

ಆಕಾಶದಲ್ಲಿ ಹಾರುವವನಿಗೂ ಧರ್ಮವೆಂಬುದಿದೆ ಎಂದು ಮಾಮ ಶುರುಮಾಡಿದರು. ಹಿರಿಯರು ತಲೆದೂಗಿದರು. ಮಗ ಮೊದಲು ತಡವರಿಸಿದ. ಆಮೇಲೆ ಗ್ರಾಂಥಿಕ ಕನ್ನಡ ಬಿಟ್ಟೇಬಿಟ್ಟ.

"ಊರು ಕಾದೆ ಅಂತೀರಿ. ನೀವು ಕಾದದ್ದು ಗಲ್ಲಾ. ಹಾಸ್ಪಿಟಲ್‌ನಲ್ಲಿ ಅಮ್ಮ ನಿಮ್ಮನ್ನೇ ಕೇಳ್ತಾ ಇದ್ರು. ಎದ್ದು ಬಂದ್ರಾ? ಬೋಲೋ!"

ಆ ಕಾಮಿಕ್ಸ್‌ನಲ್ಲಿ ಗಲ್ಲಾವೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ಆದರೂ ಹುಡುಗರು ಶಿಳ್ಳೆ ಹಾಕಿದರು. ಹಿರಿಯರು "ಭೇಷ್, ಅಪ್ಪನ ಮಗ!" ಎಂದು ಚಪ್ಪಾಳೆ ತಟ್ಟಿದರು. ವಾದ ನಿಲ್ಲಿಸಲೆಂದು ತಾಳ ಎತ್ತಿದ ಭಾಗವತರು ಸಭೆಯ ಹುರುಪು ನೋಡಿ ಕೆಳಗಿಟ್ಟರು.

"ನನಗೆ ಅಪ್ಪ ಅಂತ ಯಾರೂ ಇಲ್ಲ" ಎಂದ ಮಗ.

ಇನ್ನೂ ದೊಡ್ಡ ಚಪ್ಪಾಳೆ. ಮಾಮ ಬಾಯಿ ತೆರೆದರು... ಮಾತು ಹೊರಡಲಿಲ್ಲ. ಹಳೆಯ ಹೀರೋ ಸೋತ ಎಂದು ಹಿಂದಿನ ಸಾಲಿನವರು ಎದ್ದು ಕುಣಿದರು.

ಮಗ ಅಂದೇ ಕಾಂದಿವಲಿಯ ಗೆಳೆಯನ ರೂಮಿಗೆ ಹೋದವನು ತಿರುಗಿ ಬರಲಿಲ್ಲ. ಮಾಮ ಸಿಕ್ಕವರಿಗೆಲ್ಲ, "ಅದು ಪಾತ್ರದ ಮಾತು, ಅವನದ್ದಲ್ಲ" ಎನ್ನುತ್ತಿದ್ದರು. ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ನನಗೆ ಆ ಗಲ್ಲಾದ ಮುಂದೆ ಹಾದುಹೋಗಲೂ ಸಂಕಟವಾಗುತ್ತಿತ್ತು.

ಈ ವರ್ಷ ಮಾಮ ತೀರಿಕೊಂಡರು. ತಿಥಿಯ ದಿನ ಊಟವೆಲ್ಲ ಮುಗಿದ ಮೇಲೆ ಮಗ ನನ್ನ ಪಕ್ಕ ಬಂದು ಕೂತ. "ಆ ಮಾತು ಬಾಯಿಂದ ಬಿದ್ದ ಕೂಡ್ಲೇ ಕಾಲು ಹಿಡೀಬೇಕು ಅನಿಸಿತ್ತು ಅಕ್ಕ. ಆದ್ರೆ ಎಲ್ಲ ಕ್ಲಾಪ್ ಮಾಡ್ತಾ ಇದ್ರು..."

ಪಾತ್ರದ ಮಾತೆಂದೇ ಮಾಮ ತಿಳಿದಿದ್ದರು ಎಂದೆ.

"ಹಾಗಾದ್ರೆ ಅಪ್ಪ ಒಂದು ಫೋನ್ ಯಾಕೆ ಮಾಡ್ಲಿಲ್ಲ?"

ಅದಕ್ಕೆ ಉತ್ತರ ಹೇಳಬೇಕಾದವರು ಹೋಗಿಬಿಟ್ಟಿದ್ದರು.