ಅವ್ವನ ಲಿಂಗದ ಕಂತಿ

ಕಡಗಂಚಿಯ ಕ್ಯಾಂಪಸ್ಸಿನ ಪ್ರಯೋಗಾಲಯದಲ್ಲಿ ನನ್ನದು ಬಂಗಾರದ ಕೆಲಸ ಅಂದರೆ ಅವ್ವನಿಗೆ ನಗು. ‘ಕೊರಳಾಗ ಹಾಕ್ಕೊಳ್ಳಾಕ ಬರಲ್ಲ, ಕಣ್ಣಿಗಿ ಕಾಣಲ್ಲ, ಎಂಥಾ ಬಂಗಾರ ಬೇ ಅದು?’ ಅವಳು ಹೇಳುವುದೂ ಸರಿಯೇ. ಅವು ಕಣ್ಣಿಗೆ ನಿಲುಕದಷ್ಟು ಸಣ್ಣ ಬಂಗಾರದ ಕಡ್ಡಿಗಳು. ನೀರಿನಲ್ಲಿ ಲೆಕ್ಕವಿಲ್ಲದಷ್ಟು ತೇಲುವಾಗ ಮಾತ್ರ ನೇರಳೆ ಹಣ್ಣಿನ ರಸದಂಥ ಬಣ್ಣ ಕಾಣುತ್ತದೆ. ರಕ್ತದಲ್ಲಿ ರೋಗದ ಸುಳಿವು ಹಿಡಿಯಲು ಮುಂದೊಂದು ದಿನ ಬಳಕೆಗೆ ಬಂದಾವು ಎಂಬುದು ನಮ್ಮ ಆಸೆ.

ಈ ಕಡ್ಡಿಗಳು ಬೆಳೆಯುವುದು ಒಂದು ಬಗೆಯ ಸಾಬೂನು ನೀರಿನಲ್ಲಿ. ಆ ಸಾಬೂನೇ ಮೈಗೆ ಹೊದಿಕೆಯಾಗಿ, ಒಂದಕ್ಕೊಂದು ಅಂಟದಂತೆ ಕಾಯುತ್ತದೆ. ಆದರೆ ಜೀವಕೋಶಗಳಿಗೆ ಅದು ವಿಷ. ಹಳೆಯ ಹೊದಿಕೆ ಬಿಡಿಸಿ ಹೊಸದು ಹೊದಿಸಬೇಕು. ಎಷ್ಟೋ ಸಲ ಕಡ್ಡಿಗಳು ಗಂಟುಕಟ್ಟಿ, ಬಣ್ಣ ಬೂದಿಯಾಗಿ, ಚೆಲ್ಲಿ ಬಂದಿದ್ದೆ. ಕಳೆದ ಚಳಿಗಾಲದಲ್ಲಿ ಅಂತೂ ಕೈಗೂಡಿತು. ಹೊಸ ಹೊದಿಕೆಯ ಕಡ್ಡಿಗಳನ್ನು ಬಿಟ್ಟರೂ ಗಾಜಿನ ತಟ್ಟೆಯ ಜೀವಕೋಶಗಳು ಸಾಯದೆ ಉಳಿದವು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದೇ ವಾರ ಅವ್ವ ತನ್ನ ಇಷ್ಟಲಿಂಗ ತೋರಿಸಿದಳು. ಗೊಬ್ಬೂರಿನಿಂದ ಬಂದು ನನ್ನ ಜೊತೆ ಕ್ವಾರ್ಟರ್ಸಿನಲ್ಲಿದ್ದಾಳೆ. ಬೆಳಿಗ್ಗೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮುಗಿಸುವವರೆಗೆ ಚಹಾ ಕೂಡ ಮುಟ್ಟುವವಳಲ್ಲ. ಒಳಗಿನ ಕಲ್ಲಿಗೆ ಹೊದಿಸಿದ ಕಪ್ಪು ಲೇಪಕ್ಕೆ ಕಂತಿ ಅನ್ನುತ್ತಾರೆ. ಅವಳು ಹುಡುಗಿಯಾಗಿದ್ದಾಗಿನ ಆ ಕಂತಿ ಅಂಚಿನಲ್ಲಿ ಬಿರುಕು ಬಿಟ್ಟಿತ್ತು.

‘ಆಳಂದದಾಗ ಕಂತಿ ಹಾಕಾಂವ ಒಬ್ಬಾಂವ ಅದಾನಂತ. ಒಂಚೂರು ಮೆತ್ತಿಸ್ಕೊಂಡು ಬರೂಣು’ ಅಂದಳು.

ಹೋದೆವು. ಕಂತಿ ಹಾಕುವವನು ಲಿಂಗವನ್ನು ತಿರುಗಿಸಿ ನೋಡಿ, ‘ಮೆತ್ತಂದ್ರ ಮೆತ್ತತೇನ್ರಿ, ಪೂರಾ ತಗದು ಹಾಕಂದ್ರ ಹಂಗೂ ಹಾಕತೇನಿ. ನೀವು ಹೇಳ್ದಂಗ್ರಿ’ ಅಂದ.

‘ಮೆತ್ರಿ, ಸಾಕು’ ಅಂದಳು ಅವ್ವ.

ನಾನು ಸುಮ್ಮನಿರಬೇಕಿತ್ತು. ಹಳೆಯದರ ಮೇಲೆ ಹೊಸದು ನಿಲ್ಲುವುದಿಲ್ಲ, ನಾನು ದಿನಾ ಮಾಡುವ ಕೆಲಸವೇ ಇದು ಎಂದು ಪಾಠ ಒಪ್ಪಿಸಿದೆ. ಅವ್ವ ನನ್ನ ಮುಖ ನೋಡಿದಳು. ‘ಓದಿದಾಕಿ ಹೇಳಾಕತ್ತಾಳ. ತೆಗೀರಿ’ ಅಂದಳು.

ಅವನು ಕೆರೆದ. ಲಿಂಗ ಮೈಮೇಲಿಲ್ಲವೆಂದು ಅವ್ವ ಸಂಜೆಯವರೆಗೆ ಹನಿ ನೀರು ಕುಡಿಯದೆ ಅಂಗಡಿಯ ಕಟ್ಟೆಯ ಮೇಲೇ ಕೂತಳು. ಕೆರೆದುಬಿದ್ದ ಕಪ್ಪು ಪುಡಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ‘ಆ ಕಸ ಯಾಕ ಬೇ ಯವ್ವಾ?’ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಕ್ಕೆ. ಅವಳೂ ನಕ್ಕಂತೆ ಮಾಡಿ, ಗಂಟು ಬಿಚ್ಚಿ ಬೇವಿನ ಗಿಡದ ಬುಡಕ್ಕೆ ಕೊಡವಿದಳು.

ಮರುದಿನ ಪೂಜೆ ಮುಗಿಯಲೇ ಇಲ್ಲ. ಹೊಸ ಕಂತಿ ದೀಪದ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು. ಅವಳ ಹೆಬ್ಬೆರಳು ಮಾತ್ರ ಅಂಚಿನುದ್ದಕ್ಕೂ ಏನನ್ನೋ ಹುಡುಕುತ್ತಿತ್ತು. ಏನಾಯಿತೆಂದು ಕೇಳಿದೆ.

‘ಇಲ್ಲೊಂದು ತಗ್ಗಿತ್ತು. ಸಣ್ಣಾಕಿ ಇದ್ದಾಗ ಲಿಂಗ ಜಾರಬಾರದಂತ ನಮ್ಮವ್ವ ನನ್ನ ಹೆಬ್ಬಟ್ಟು ಹಿಡದು ಇಲ್ಲೇ ಇಡಸ್ತಿದ್ಲು. ಇಟ್ಟು ಇಟ್ಟು ತಗ್ಗು ಬಿದ್ದಿತ್ತು. ಅಲ್ಲಿ ಬೆರಳು ಕುಂತ್ರ ಆಕಿ ಕೈ ನನ್ನ ಕೈಮ್ಯಾಲೆ ಇದ್ದಂಗ ಆಗ್ತಿತ್ತು.’

‘ಮೊದ್ಲೇ ಯಾಕ ಹೇಳಲಿಲ್ಲ ಬೇ?’

‘ನನಗರ ಎಲ್ಲಿ ಗೊತ್ತಿತ್ತು? ಹ್ವಾದಮ್ಯಾಲೆ ತಿಳೀತು.’

ಅವತ್ತೇ ಆಳಂದದ ಬಸ್ಸು ಹತ್ತಿದೆ. ಬೇವಿನ ಬುಡದಲ್ಲಿ ಚಹಾ ಅಂಗಡಿಯವರು ಪಾತ್ರೆ ತೊಳೆದ ನೀರು ಸುರಿಯುತ್ತಿದ್ದರು. ಒಂದು ಹಿಡಿ ಕೆಸರು ಎತ್ತಿ ನೋಡಿ, ಅಲ್ಲೇ ಬಿಟ್ಟು ಬಂದೆ.

ಈಗಲೂ ದಿನಾ ಕಡ್ಡಿಗಳ ಹೊದಿಕೆ ಬದಲಿಸುತ್ತೇನೆ. ಈಗಲೂ ಬೆಳಿಗ್ಗೆ ಹೆಬ್ಬೆರಳು ಅಂಚು ಹುಡುಕುತ್ತಿರುವಾಗ ಅವ್ವನ ಚಹಾ ಆರುತ್ತದೆ. ಮೊನ್ನೆ ತಡೆಯಲಾರದೆ, ‘ಮತ್ತ ತಗ್ಗು ಬೀಳ್ತದ ತಗೋ ಯವ್ವಾ’ ಅಂದೆ.

‘ಬೀಳ್ತದವಾ’ ಅಂದಳು, ನನಗೇ ಸಮಾಧಾನ ಹೇಳುವವಳ ಹಾಗೆ. ‘ಆದ್ರ ಅದಕ್ಕ ಸಣ್ಣಾಕಿ ಇದ್ದಾಗಿಂದ ಬೆರಳು ಇಡಬೇಕು.’