ಕ್ಷೌರಿಕ ಜೋಫ್ರೆಯ ಪುಸ್ತಕ

ವಲೆನ್ಸಿಯದ ನಮ್ಮ ಬೀದಿಯ ಕ್ಷೌರಿಕ ಜೋಫ್ರೆ ಅಂಗಡಿಯಲ್ಲಿ ಒಬ್ಬನೇ ಕೂತು ತುಟಿ ಅಲ್ಲಾಡಿಸುತ್ತಿದ್ದುದನ್ನು ಕಂಡು, ಜಪ ಮಾಡುತ್ತಾನೆಂದು ಬಹಳ ದಿನ ಭಕ್ತಿಯಿಂದ ಸುಮ್ಮನಿದ್ದೆ. ಅವನು ಎಣಿಸುತ್ತಿದ್ದುದು ದಾಮಾಸ್ ಎಂಬ, ಚದುರಂಗದಂಥ ಆಟದ ಹಲಗೆಯ ಮನೆಗಳನ್ನು. ಇಪ್ಪತ್ತು ವರ್ಷದಿಂದ ಅವನನ್ನು ಸೋಲಿಸಿದವರಿರಲಿಲ್ಲ. ಆ ಹೆಮ್ಮೆಯಲ್ಲಿ 'ಲೋಕೋಪಕಾರಕ್ಕಾಗಿ' ಎಂದು ಮುನ್ನುಡಿ ಬರೆದು, ತನ್ನ ಗುಟ್ಟುಗಳನ್ನೆಲ್ಲ ಅಚ್ಚಿಗೆ ಕೊಟ್ಟ. ಆಮೇಲೆ, ಲೋಕ ನಿಜವಾಗಿಯೂ ಕಲಿತುಬಿಟ್ಟರೆ ತನ್ನ ಗತಿಯೇನೆಂದು ಊಟ ಬಿಟ್ಟ.

ಅಚ್ಚಿನ ಮರ ಕೆತ್ತುವವನು ಹಲಗೆಯ ಚಿತ್ರವನ್ನು, ಕಾಗದಕ್ಕೆ ಒತ್ತಿದಾಗ ಸರಿಯಾಗಿ ಬರಲೆಂದು, ಎಡಬಲ ತಿರುಗಿಸಿ ಕೆತ್ತಬೇಕಿತ್ತು; ನೇರವಾಗಿ ಕೆತ್ತಿದ. ಪುಸ್ತಕದಲ್ಲಿ ಎಡದ ಮನೆಗಳೆಲ್ಲ ಬಲಕ್ಕೆ ಬಂದವು. ಓದಿಕೊಂಡು ಬಂದವರು ತಮ್ಮ ಕಾಯಿಗಳನ್ನು ತಾವೇ ಜೋಫ್ರೆಯ ಬಾಯಿಗಿಟ್ಟರು.

"ಮುಂದಿನ ಅಚ್ಚಿನಲ್ಲಾದರೂ ತಿದ್ದಿಸಬಾರದೇನೋ ಮಾರಾಯ?" ಎಂದೆ, ಕ್ಷೌರಕ್ಕೆ ಕೂತಾಗ.

"ತಿದ್ದಿಸಿ ನಾನು ಸೋಲಲಾ? ಗದ್ದ ಎತ್ತು."