ತಿಮ್ಮಣ್ಣನ ಗಾಯ ಒಣಗುವವರೆಗೆ

ಕೈಗೆ ಏನು ಸಿಕ್ಕರೂ ಬೆರಳ ಗೆಣ್ಣಿನಿಂದ ಟಕ್ ಎಂದು ಬಡಿದು ಕಿವಿಗೊಡುವುದು ಕುಂಬಾರ ತಿಮ್ಮಣ್ಣನ ಚಾಳಿ. ಗಡಿಗೆ ಬಿಡಿ, ನಾನು ಕೊಟ್ಟ ಕಾಫಿ ಲೋಟವನ್ನೂ ಬಡಿಯುತ್ತಿದ್ದ. ಸೊರಬದಲ್ಲಿ ಅವನ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಬೆಳಿಗ್ಗೆ ಎದ್ದೊಡನೆ ಅದನ್ನು ಬಡಿಯುತ್ತಿದ್ದ. ನಾನು ನನ್ನ ಹೊಲಿಗೆಯ ಕತ್ತರಿಯಿಂದ ಮರಳಿ ಬಡಿಯಬೇಕು. ಹೆಂಡತಿ ತೀರಿಹೋದ ಅವನಿಗೂ ಗಂಡನಿಲ್ಲದ ನನಗೂ ಬೆಳಗಾಯಿತೆಂದು ಹೇಳಲು ಬೇರೆ ಯಾರಿದ್ದರು?

ಸದಾ ಹೊಗೆಸೊಪ್ಪಿನ ಕವಳ ಒತ್ತರಿಸಿಡುತ್ತಿದ್ದ ಕೆನ್ನೆಯಲ್ಲೇ ಕ್ಯಾನ್ಸರ್ ಬಂತು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಗಂಟು ತೆಗೆದರು. ಡಾಕ್ಟರು ನನ್ನೆದುರೇ ಬಿಡಿಸಿ ಹೇಳಿದರು: "ಕಣ್ಣಿಗೆ ಕಾಣದ್ದು ಒಳಗೆ ಉಳಿದಿರಬಹುದು. ಆರು ವಾರದೊಳಗೆ ಕರೆಂಟ್ ಶುರು ಆಗ್ಬೇಕು. ತಡ ಮಾಡಿದ್ರೆ ಮತ್ತೆ ಬೆಳೆಯೋ ಭಯ ಇದೆ." ರೇಡಿಯೇಶನ್‌ಗೆ ನಮ್ಮ ಕಡೆ ಎಲ್ಲರೂ ಕರೆಂಟ್ ಎನ್ನುವುದು.

ಕರೆಂಟೆಂದರೆ ಸುಡುವುದು ಎಂದು ತಿಮ್ಮಣ್ಣ ತಿಳಿದ. ಸುಡುವ ವಿಷಯದಲ್ಲಿ ಅವನಿಗೆ ಪಾಠ ಹೇಳುವವರು ಯಾರು!

"ಹಸಿ ಗಡಿಗೆ ಆವಿಗೆ ಬೆಂಕಿಗೆ ಇಟ್ರೆ ಬಿರಿತೈತೆ ತಂಗೀ. ನೆರಳಾಗೆ ಪೂರ್ತಿ ಒಣಗ್ಬೇಕು, ಆಮೇಲೆ ಬೆಂಕಿ."

ಗಾಯದ ಒಂದು ಮೂಲೆ ಇನ್ನೂ ಹಸಿಯಾಗಿತ್ತು, ಅಷ್ಟೇ. "ನಿನ್ನ ಮುಖ ಏನು ಗಡಿಗೆನಾ ತಿಮ್ಮಣ್ಣ? ಗಾಯ ನೋಡಿದ ಡಾಕ್ಟ್ರೇ ಕರೆಂಟಿಗೆ ಬನ್ನಿ ಅಂದಾರಲ್ಲ!" ಎಂದು ರೇಗಿ ಶಿವಮೊಗ್ಗದ ಬಸ್ಸು ಹತ್ತಿಸಿದೆ. ಮಾರಾಯ ಶಿಕಾರಿಪುರದಲ್ಲೇ ಇಳಿದು, ಸಂತೆಯಲ್ಲಿ ಕಂಡವರ ಗಡಿಗೆಗಳನ್ನೆಲ್ಲ ಬಡಿದು ನೋಡಿ, ಸಂಜೆ ಬಸ್ಸಿಗೆ ವಾಪಸು ಬಂದ. "ಇನ್ನೊಂಚೂರು ಒಣಗ್ಲಿ" ಅಂದ. ಸಿಟ್ಟಿಗೋ ಹೆದರಿಕೆಗೋ, ನನಗೆ ಅಳು ಬಂತು.

ವಾರಗಳು ಕಳೆದವು, ಡಾಕ್ಟರು ಹೇಳಿದ ಗಡುವೂ ದಾಟಿತು. ಗಾಯ ಚೆನ್ನಾಗಿ ಒಣಗಿತು. ಆಮೇಲೆ ಯಾರೂ ಹೇಳದೆ ತಾನೇ ಖುಷಿಯಿಂದ ಹೊರಟ. ಅಷ್ಟರಲ್ಲಿ ಕತ್ತಿನಲ್ಲಿ ಹೊಸ ಗಂಟು ಎದ್ದಿತ್ತು. ಕರೆಂಟ್ ಕೊಟ್ಟರು. ಗುಣವಾಗಲೆಂದಲ್ಲ, ನೋವು ಕಡಿಮೆಯಾಗಲೆಂದು ಕೊಡುತ್ತಿದ್ದೇವೆ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಕೊನೆಕೊನೆಗೆ ಮಾತು ತೊದಲುತ್ತಿತ್ತು. ಗಂಜಿ ಕುಡಿಸುತ್ತಿದ್ದ ನನ್ನ ಕೈ ಹಿಡಿದು, "ಮಣ್ಣಿನ ಲೆಕ್ಕ ಮೈಗೆ ಹಾಕ್ಬಿಟ್ಟೆ ತಂಗೀ" ಅಂದ. ನಾನು ಅವನ ಬಾಯಿ ಒರೆಸಿದೆ. ಅವನು ಲೋಟ ಬಡಿದು ನೋಡಿದ. ಸ್ಟೀಲಿನದು, ಠಣ್ ಎಂದಿತು. ಇಬ್ಬರೂ ನಕ್ಕೆವು. ಅದೇ ಕೊನೆಯ ನಗು.

ಈಗಲೂ ಎದ್ದೊಡನೆ ಕತ್ತರಿ ಹಿಡಿದು ಆ ಗೋಡೆಯ ಮುಂದೆ ನಿಲ್ಲುತ್ತೇನೆ. ಮೊದಲು ಬಡಿಯಬೇಕಾದವನು ಅವನು.